ಹರಾಜಿಗೆ ಬಂದ ಹಳೇ ಜೀಪು: ಕೂಗೋ ಮುಂಚೆ ಏನೇನು ನೋಡಬೇಕು?

ಮಕ್ಕಳೇ, ಜಹೀರಾಬಾದಿನ ಮಹೀಂದ್ರಾ ಟ್ರ್ಯಾಕ್ಟರ್ ಕಾರ್ಖಾನೆ ನಿಮಗೆ ಗೊತ್ತೇ ಇದೆ. ಆದರೆ ಈ ಕಂಪನಿ ಗಾಡಿ ಕೆಲಸಕ್ಕೆ ಇಳಿದದ್ದು ಟ್ರ್ಯಾಕ್ಟರಿನಿಂದ ಅಲ್ಲ. 1940ರ ದಶಕದ ಕೊನೆಗೆ ಅಮೆರಿಕದ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಮುಂಬೈಯಲ್ಲಿ ಜೋಡಿಸಿದರು, ಆಮೇಲೆ ಇಲ್ಲೇ ತಯಾರಿಸಿದರು. ಎರಡನೇ ಮಹಾಯುದ್ಧ ಮುಗಿದ 1945ರಲ್ಲೇ ವಿಲ್ಲಿಸ್‌ನವರು ರೈತರಿಗಾಗಿ ಸಿಜೆ-2ಎ ಎಂಬ ಜೀಪನ್ನು ಮಾರಾಟಕ್ಕೆ ತಂದಿದ್ದರು. ಅಂಥ ಹಳೇ ಗಾಡಿಗೆ ಈಗ ಹರಾಜಿನಲ್ಲಿ ಒಳ್ಳೇ ಬೆಲೆ. ಬೆಲೆ ಇದ್ದಲ್ಲಿ ಮೋಸಾನೂ ಇರ್ತದೆ.

ಹರಾಜಿನ ಮಾತು "ಇದ್ದಲ್ಲಿ, ಇದ್ದ ಹಾಗೆ". ಸಾಮಾನ್ಯವಾಗಿ ಓಡಿಸಿ ನೋಡಲು ಬಿಡೋದಿಲ್ಲ. ಸುತ್ತಿಗೆ ಬಿದ್ದ ಮೇಲೆ ದೂರು ಹೇಳಿದರೆ ಕೇಳೋರಿಲ್ಲ. ಹಾಗಾಗಿ ಕಣ್ಣು, ಕೈ, ಒಂದಿಷ್ಟು ವಿಜ್ಞಾನ, ಇಷ್ಟರಲ್ಲೇ ತೀರ್ಮಾನ ಆಗಬೇಕು.

ಮೊದಲು ಮುಖ ನೋಡ್ರಿ. ಯುದ್ಧಕಾಲದ ವಿಲ್ಲಿಸ್ ಜೀಪಿನ ಮುಂಭಾಗದ ಜಾಲರಿಗೆ ಒಂಬತ್ತು ಸೀಳು, ಸಿಜೆ-2ಎಗೆ ಏಳು. ಏಳು ಸೀಳಿನ ಗಾಡಿಗೆ ಹಸಿರು ಬಣ್ಣ ಬಳಿದು "ಮಿಲಿಟರಿ ಗಾಡಿ" ಅಂದರೆ ನಂಬಬೇಡಿ. ಚಾಸಿಸ್ ಮೇಲೆ ಕೆತ್ತಿದ ಸಂಖ್ಯೆಯೂ ನೋಂದಣಿ ಪತ್ರದ ಸಂಖ್ಯೆಯೂ ಒಂದೇ ಇರಬೇಕು.

ಆಮೇಲೆ ತುಕ್ಕು. ಕೊಹೀರಿನ ಕಡೆಯ ಕೆಂಪು ನೆಲ ನೋಡಿದ್ದೀರಲ್ಲ, ಆ ಬಣ್ಣ ಕಬ್ಬಿಣದ ಆಕ್ಸೈಡಿನದು. ಜೀಪಿನ ತಗಡಿನಲ್ಲೂ ಅದೇ ಕೆಲಸ ನಡೀತದೆ: ಕಬ್ಬಿಣ, ಗಾಳಿಯ ಆಮ್ಲಜನಕ, ನೀರು ಮೂರೂ ಸೇರಿದರೆ ತುಕ್ಕು. ತುಕ್ಕಿಗೆ ಮೂಲ ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಅದಕ್ಕೇ ಒಳಗೆ ತುಕ್ಕು ಹಿಡಿದ ಕಡೆ ಬಣ್ಣ ಗುಳ್ಳೆ ಏಳ್ತದೆ. ಮಾರುವವರು ಗುಳ್ಳೆ ಕೆರೆದು, ತೂತಿಗೆ ಪುಟ್ಟಿ ತುಂಬಿ, ಮೇಲೆ ಹೊಳೆಯೋ ಬಣ್ಣ ಹೊಡೆದಿರ್ತಾರೆ. ಇದನ್ನು ಹಿಡಿಯೋಕೆ ಒಂದು ಸಣ್ಣ ಅಯಸ್ಕಾಂತ ಸಾಕು. ತಗಡಿಗೆ ಅದು ಗಟ್ಟಿ ಅಂಟ್ತದೆ, ದಪ್ಪ ಪುಟ್ಟಿಯ ಮೇಲೆ ಜಾರಿ ಬೀಳ್ತದೆ. ಶಾಲೆಯ ಕಬ್ಬಿಣದ ಬೀರುವಿನ ಮೇಲೆ ರಟ್ಟಿನ ಹಾಳೆಗಳನ್ನು ಒಂದೊಂದಾಗಿ ಇಟ್ಟು ಅಯಸ್ಕಾಂತ ಹಚ್ಚಿ ನೋಡ್ರಿ. ಎಷ್ಟನೇ ಹಾಳೆಗೆ ಹಿಡಿತ ತಪ್ಪಿತು, ಬರೆದಿಟ್ಟುಕೊಳ್ರಿ.

ಕಷ್ಟದ ಭಾಗ ಎಂಜಿನ್. ಸಿಜೆ-2ಎ ಎಂಜಿನ್ನಿಗೆ ನಾಲ್ಕು ಸಿಲಿಂಡರು. ಒಂದೊಂದರ ವ್ಯಾಸ 7.94 ಸೆಂ.ಮೀ., ಪಿಸ್ಟನ್ ಓಡಾಡುವ ದೂರ 11.11 ಸೆಂ.ಮೀ. ಸಿಲಿಂಡರಿನ ಘನಫಲದ ಸೂತ್ರ ಹಾಕಿದರೆ ತ್ರಿಜ್ಯ 3.97, ಅದರ ವರ್ಗ 15.76, ಅದಕ್ಕೆ 3.14 ಮತ್ತು 11.11ರಿಂದ ಗುಣಿಸಿದರೆ ಸುಮಾರು 550 ಘನ ಸೆಂ.ಮೀ. ನಾಲ್ಕಕ್ಕೆ 2,200. "2.2 ಲೀಟರ್ ಎಂಜಿನ್" ಅನ್ನೋದು ಇದನ್ನೇ. ಒಂಬತ್ತನೇ ತರಗತಿಯ ಲೆಕ್ಕ, ಅಷ್ಟೇ.

ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಒತ್ತಡ ಮಾಪಕ ಇಟ್ಟು ಎಂಜಿನ್ ತಿರುಗಿಸಲು ಒಪ್ಪಿದರೆ ನಿಮ್ಮ ಅದೃಷ್ಟ. ನಾಲ್ಕೂ ಸಿಲಿಂಡರಿನ ಒತ್ತಡ ಹೆಚ್ಚುಕಡಿಮೆ ಸಮ ಇರಬೇಕು. ಒಂದರಲ್ಲಿ ಕಡಿಮೆ ಬಂತು ಅಂದ್ರೆ ಗಾಳಿ ಎಲ್ಲೋ ಸೋರ್ತಿದೆ. ಎಲ್ಲಿ? ಆ ತೂತಿಗೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಎಣ್ಣೆ ಪಿಸ್ಟನ್ ಸುತ್ತಲಿನ ಸಂದಿಯನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ಆಗ ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ಅನುಮಾನ ವಾಲ್ವಿನ ಮೇಲೆ ಹೋಗ್ತದೆ. ಬಿಚ್ಚದೇ ಒಳಗಿನ ರೋಗ ಹೇಳೋ ಈ ಉಪಾಯ ನನಗೆ ಬಹಳ ಇಷ್ಟ. ನಮ್ಮ ಮೆಕ್ಯಾನಿಕ್‌ಗಳು ಟ್ರ್ಯಾಕ್ಟರಿಗೂ ಒತ್ತಡ ಅಳೆದೇ ರೋಗ ಹೇಳ್ತಾರೆ, ಕೇಳಿ ನೋಡ್ರಿ.

ಗೆದ್ದ ಮೇಲೂ ಖರ್ಚು ಉಂಟು. ನಮ್ಮ ದೇಶದ 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅದರ ಫಲಕದಲ್ಲಿ "ವಿಎ" ಎಂಬ ಅಕ್ಷರ ಇರ್ತದೆ.

ಈಗ ನಿಮಗೊಂದು ಲೆಕ್ಕ. ಈ ಎಂಜಿನ್ನಿನ ಸಂಪೀಡನ ಅನುಪಾತ 6.48. ಅಂದರೆ ಪಿಸ್ಟನ್ ಕೆಳಗಿದ್ದಾಗಿನ ಒಟ್ಟು ಜಾಗ, ಮೇಲಿದ್ದಾಗಿನ ಜಾಗದ 6.48 ಪಟ್ಟು. ಪಿಸ್ಟನ್ ಮೇಲಿದ್ದಾಗ ಉಳಿಯುವ ಜಾಗ ಎಷ್ಟು? ಅದರಲ್ಲಿ 10 ಘನ ಸೆಂ.ಮೀ. ಮಸಿ ಕಟ್ಟಿಕೊಂಡರೆ ಅನುಪಾತ ಎಷ್ಟಾಗ್ತದೆ? ಉತ್ತರ 7ಕ್ಕಿಂತ ಸ್ವಲ್ಪ ಮೇಲೆ ಬಂದರೆ ನಿಮ್ಮ ಲೆಕ್ಕ ಸರಿ.