ಆರು ದ್ವೀಪ, ಒಂದು ನೀಲಿ ಗೆರೆ

ಸೈಕಲ್ ಪ್ರವಾಸ ಎಂದ ಕೂಡಲೇ ಬಿಗಿ ಬಟ್ಟೆ ತೊಟ್ಟು, ತಲೆ ತಗ್ಗಿಸಿ, ಬೆಳಗಿನಿಂದ ಸಂಜೆವರೆಗೆ ತುಳಿಯುವ ಗಟ್ಟಿಗರು ನೆನಪಾಗುತ್ತಾರೆ. ಅದು ನಮ್ಮಂಥವರ ಕೆಲಸವಲ್ಲ ಎಂದು ಹಲವರು ಅಲ್ಲಿಗೇ ಕೈಬಿಡುತ್ತಾರೆ. ಅಂಥವರಿಗೆ ನಾನು ಮೊದಲು ಹೇಳುವ ದಾರಿ ಜಪಾನಿನ ಶಿಮಾನಾಮಿ ಕೈದೋ. ಶಿಮಾ ಎಂದರೆ ದ್ವೀಪ, ಕೈ ಎಂದರೆ ಕಡಲು, ದೋ ಎಂದರೆ ದಾರಿ. ಹಿರೋಶಿಮಾ ಪ್ರಾಂತ್ಯದ ಒನೊಮಿಚಿಯಿಂದ ಹೊರಟು, ಆರು ದ್ವೀಪಗಳನ್ನು ಒಂದೊಂದಾಗಿ ದಾಟಿ, ಶಿಕೋಕು ದ್ವೀಪದ ಇಮಾಬಾರಿಯಲ್ಲಿ ಮುಗಿಯುವ ಇದು ಸುಮಾರು 70 ಕಿಲೋಮೀಟರ್ ಉದ್ದವಿದೆ. ವಾರಕ್ಕೊಮ್ಮೆಯಾದರೂ ಸೈಕಲ್ ಹತ್ತುವವರು ಇದನ್ನು ಒಂದೇ ದಿನದಲ್ಲಿ ಮುಗಿಸಬಹುದು. ಹೊಸಬರು ಎರಡು ದಿನ ಇಟ್ಟುಕೊಳ್ಳಿ, ನಡುವೆ ಒಂದು ರಾತ್ರಿ ದ್ವೀಪದಲ್ಲಿ ತಂಗಿ.

ಈ ದ್ವೀಪಗಳಿರುವುದು ಸೆತೊ ಒಳಸಮುದ್ರದಲ್ಲಿ. ಹೊನ್ಶು, ಶಿಕೋಕು, ಕ್ಯೂಶು ಎಂಬ ಮೂರು ದೊಡ್ಡ ದ್ವೀಪಗಳು ಸುತ್ತುವರಿದಿರುವುದರಿಂದ ತೆರೆದ ಸಾಗರದ ಅಲೆಗಳು ಇಲ್ಲಿಗೆ ಬರುವುದಿಲ್ಲ. ಉತ್ತರಕ್ಕೂ ದಕ್ಷಿಣಕ್ಕೂ ಬೆಟ್ಟಸಾಲು ಇರುವುದರಿಂದ ಜಪಾನಿನ ಉಳಿದ ಕಡೆಗಿಂತ ಮಳೆಯೂ ಕಡಿಮೆ. ಆದರೂ ಜೂನ್-ಜುಲೈನ ಮಳೆ, ಆಗಸ್ಟ್‌ನ ಸೆಕೆ, ಸೆಪ್ಟೆಂಬರ್‌ನ ಚಂಡಮಾರುತ ಬಿಟ್ಟು ಏಪ್ರಿಲ್-ಮೇ ಅಥವಾ ಅಕ್ಟೋಬರ್-ನವೆಂಬರ್‌ನಲ್ಲಿ ಹೋದರೆ ಒಳ್ಳೆಯದು.

ಸೈಕಲ್ ಒಯ್ಯಬೇಕೇ? ಬೇಡ. ಒನೊಮಿಚಿ ಬಂದರಿನಲ್ಲೇ ಬಾಡಿಗೆಗೆ ಸಿಗುತ್ತದೆ. ಇಲ್ಲಿ ಪಡೆದ ಸೈಕಲನ್ನು ನಡುವಿನ ದ್ವೀಪದಲ್ಲೋ ಇಮಾಬಾರಿಯಲ್ಲೋ ಬಿಟ್ಟು ಹೋಗುವ ಏರ್ಪಾಡೂ ಇದೆ. ಕೆಲವು ಬಗೆಯ ಸೈಕಲ್‌ಗಳನ್ನು ಮಾತ್ರ ತೆಗೆದುಕೊಂಡ ಜಾಗಕ್ಕೇ ಮರಳಿಸಬೇಕಾಗುತ್ತದೆ, ಮೊದಲೇ ಕೇಳಿಕೊಳ್ಳಿ. ಬುಟ್ಟಿ ಇರುವ ಸಾದಾ ಸೈಕಲ್ ನೋಡಲು ಮುದ್ದಾಗಿರುತ್ತದೆ, ಆದರೆ ಅದನ್ನು ಆರಿಸಬೇಡಿ. ಹೆಚ್ಚು ಗೇರುಗಳಿರುವುದನ್ನೇ ಕೇಳಿ. ಹತ್ತಿ ಕೂತ ಮೇಲೆ ಪೆಡಲನ್ನು ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾದರೆ ಸೀಟು ಸರಿಯಾದ ಎತ್ತರದಲ್ಲಿದೆ. ಮಂಡಿ ಮಡಚಿಕೊಂಡೇ ಇದ್ದರೆ ಸೀಟು ತಗ್ಗಾಗಿದೆ ಎಂದರ್ಥ, ಎತ್ತರಿಸಿ. ಈ ಎರಡು ನಿಮಿಷದ ಕೆಲಸಕ್ಕೆ ಬೇಸರಪಟ್ಟವರು ಮೂವತ್ತನೇ ಕಿಲೋಮೀಟರಿನಲ್ಲಿ ಮಂಡಿ ಹಿಡಿದು ಕೂರುತ್ತಾರೆ.

ಮೊದಲ ದ್ವೀಪ ಮುಕೈಶಿಮಾಕ್ಕೆ ಸೇತುವೆ ಇದ್ದರೂ ಅದು ಇಕ್ಕಟ್ಟು, ವಾಹನಗಳ ಸಂಚಾರ ಹೆಚ್ಚು. ಸೈಕಲ್‌ನವರು ದೋಣಿ ಹತ್ತುತ್ತಾರೆ. ಸೈಕಲನ್ನು ತಳ್ಳಿಕೊಂಡು ಹೋಗಿ ಹಿಡಿದು ನಿಂತರೆ ಐದು ನಿಮಿಷದಲ್ಲಿ ಆಚೆ ದಡ. ಶಾಲೆಗೆ ಹೋಗುವ ಮಕ್ಕಳು, ಕೆಲಸಕ್ಕೆ ಹೊರಟವರು ಪಕ್ಕದಲ್ಲೇ ನಿಂತಿರುತ್ತಾರೆ. ಇಳಿದ ಮೇಲೆ ರಸ್ತೆಯ ಎಡ ಅಂಚಿನಲ್ಲಿ ಒಂದು ನೀಲಿ ಗೆರೆ ಕಾಣುತ್ತದೆ. ನಕ್ಷೆಯನ್ನು ಜೇಬಿನಲ್ಲಿಟ್ಟು ಅದನ್ನೇ ಹಿಡಿದು ಸಾಗಿದರೆ ಇಮಾಬಾರಿ ತಲುಪುತ್ತೀರಿ. ಇನ್ನೆಷ್ಟು ದೂರ ಉಳಿದಿದೆ ಎಂಬುದನ್ನೂ ನೆಲದ ಮೇಲೆ ಬರೆದಿದ್ದಾರೆ. ಜಪಾನಿನಲ್ಲೂ ನಮ್ಮಲ್ಲಿಯಂತೆ ವಾಹನಗಳು ರಸ್ತೆಯ ಎಡಕ್ಕೇ ಸಾಗುವುದರಿಂದ ನಮಗೆ ಗಲಿಬಿಲಿಯಿಲ್ಲ.

ಹೊಸಬರು ಹೆದರುವುದು ಸೇತುವೆಗಳಿಗೆ. ಆ ಹೆದರಿಕೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಈ ಕಡಲಿನಲ್ಲಿ ದೊಡ್ಡ ಹಡಗುಗಳು ಓಡಾಡುತ್ತವೆ. ಅವು ಅಡಿಯಲ್ಲಿ ಹಾಯಬೇಕಾದರೆ ಸೇತುವೆ ಎತ್ತರದಲ್ಲಿರಬೇಕು. ಕೊನೆಯಲ್ಲಿ ಬರುವ ಕುರುಶಿಮಾ ಸೇತುವೆಯ ಕೆಳಗೆ ಹಡಗುಗಳಿಗೆ ಬಿಟ್ಟಿರುವ ಎತ್ತರ 65 ಮೀಟರ್. ನೀವು ತುಳಿಯುತ್ತಿರುವುದೋ ಕಡಲ ಮಟ್ಟದ ರಸ್ತೆಯಲ್ಲಿ. ಹಾಗಾಗಿ ಪ್ರತಿ ದ್ವೀಪದಲ್ಲೂ ಏರು ತಪ್ಪಿದ್ದಲ್ಲ. ಆದರೆ ಈ ಏರನ್ನು ಕಟ್ಟಿದ ಎಂಜಿನಿಯರುಗಳು ಸೈಕಲ್‌ನವರನ್ನು ಮರೆತಿಲ್ಲ. ಕಾರುಗಳ ದಾರಿ ಬೇರೆ, ಸೈಕಲ್ ದಾರಿ ಬೇರೆ. ಅದು ಗುಡ್ಡದ ಮೈಯನ್ನು ಬಳಸಿಕೊಂಡು ನಿಧಾನವಾಗಿ ಏರುತ್ತದೆ. ಇಳಿಜಾರು ಸುಮಾರು ಶೇಕಡಾ 3, ಎಂದರೆ ನೂರು ಮೀಟರ್ ಮುಂದೆ ಹೋದರೆ ಮೂರು ಮೀಟರ್ ಮೇಲೆ. ಏರು ಶುರುವಾಗುವ ಮೊದಲೇ ಹಗುರ ಗೇರಿಗೆ ಬನ್ನಿ. ಭಾರ ಬಿದ್ದ ಮೇಲೆ ಗೇರು ಬದಲಿಸಿದರೆ ಚೈನು ಕರಕರ ಅನ್ನುತ್ತದೆ, ಕೆಲವೊಮ್ಮೆ ಜಾರಿಯೇ ಬಿಡುತ್ತದೆ. ಕಾಲು ಬೇಗ ಬೇಗ ತಿರುಗಲಿ, ಒತ್ತಡ ಕಡಿಮೆ ಇರಲಿ. ಉಸಿರು ಹತ್ತಿದರೆ ಇಳಿದು ತಳ್ಳಿ. ನಾಚಿಕೆ ಏಕೆ?

ಮೇಲೆ ಬಂದರೆ ಒಂದೊಂದು ಸೇತುವೆಯೂ ಒಂದೊಂದು ಬಗೆ. ಇನ್ನೊಶಿಮಾ ಸೇತುವೆಯಲ್ಲಿ ಸೈಕಲ್ ದಾರಿ ಕಾರುಗಳ ಅಡಿಯಲ್ಲಿದೆ. ಉಕ್ಕಿನ ಪಂಜರದೊಳಗೆ ಹೋದಂತೆ, ತಲೆಯ ಮೇಲೆ ಲಾರಿಗಳ ಗುಡುಗು. 1999ರಲ್ಲಿ ತೆರೆದ ತತಾರಾ ಸೇತುವೆಯ ನಡುಗಂಡಿ 890 ಮೀಟರ್. ಗೋಪುರದಿಂದ ನೇರ ಹಗ್ಗಗಳನ್ನು ಬೀಸಣಿಗೆಯಂತೆ ಇಳಿಬಿಟ್ಟು ಕಟ್ಟುವ ಸೇತುವೆಗಳಲ್ಲಿ ಆಗ ಅದೇ ಜಗತ್ತಿನಲ್ಲಿ ಅತ್ಯಂತ ಉದ್ದದ್ದು. ಅದರ ಗೋಪುರದ ಬುಡದಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದು ಎರಡು ಕಂಬಗಳ ನಡುವೆ ಪುಟಿಯುತ್ತಾ ಮೇಲೇರುತ್ತದೆ. ಊರವರು ಅದನ್ನು ಕೂಗುವ ಡ್ರ್ಯಾಗನ್ ಎನ್ನುತ್ತಾರೆ. ಅದೇ ಸೇತುವೆಯ ಮೇಲೆ ಹಿರೋಶಿಮಾ ಮುಗಿದು ಎಹಿಮೆ ಪ್ರಾಂತ್ಯ ಶುರುವಾಗುತ್ತದೆ. ಸೈಕಲ್‌ಗಳಿಗೆ 2014ರಿಂದ ಸೇತುವೆ ಸುಂಕ ಬಿಟ್ಟಿದ್ದಾರೆ. ಇದು ರಿಯಾಯಿತಿ, ಅವಧಿಯನ್ನು ಆಗಾಗ ಮುಂದಕ್ಕೆ ಹಾಕುತ್ತಾ ಬಂದಿದ್ದಾರೆ, ಹೊರಡುವ ಮುನ್ನ ವಿಚಾರಿಸಿ.

ತಂಗಲು ನನ್ನ ಆಯ್ಕೆ ಇಕುಚಿಜಿಮಾ ದ್ವೀಪದ ಸೆತೊದಾ. ಇದು ನಿಂಬೆಯ ಊರು. ನಮ್ಮ ದುಂಡನೆಯ ಲಿಂಬೆಯಲ್ಲ, ಉದ್ದುದ್ದನೆಯ, ದಪ್ಪ ಸಿಪ್ಪೆಯ ಹಳದಿ ಹಣ್ಣು. ಕಡಲಿಗೆ ಮುಖ ಮಾಡಿದ ಇಳಿಜಾರುಗಳ ತುಂಬ ಅದೇ ತೋಟ. ಪಕ್ಕದ ಓಮಿಶಿಮಾದ ಓಯಾಮಾಝುಮಿ ದೇಗುಲದಲ್ಲಿ ಸಮುರಾಯ್‌ಗಳು ಹರಕೆ ಒಪ್ಪಿಸಿದ ಕವಚಗಳನ್ನೂ ಕತ್ತಿಗಳನ್ನೂ ಕಾಪಾಡಿಕೊಂಡು ಬಂದಿದ್ದಾರೆ. ಅದು ನೀಲಿ ಗೆರೆಯಿಂದ ದೂರ, ದ್ವೀಪದ ಇನ್ನೊಂದು ಬದಿಗೆ. ಎರಡು ದಿನ ಇಟ್ಟುಕೊಂಡವರಿಗೆ ಮಾತ್ರ ಅದು ದಕ್ಕುತ್ತದೆ.

ಊಟದ ವಿಷಯ. ಮೀನು ತಿನ್ನುವವರಿಗೆ ಇದು ಸ್ವರ್ಗ. ಸಸ್ಯಾಹಾರಿಗಳಿಗೆ ಕಷ್ಟ. ಸಾರು, ನೂಡಲ್ಸ್ ಎಲ್ಲಕ್ಕೂ ಒಣಮೀನು ಕುದಿಸಿದ ನೀರನ್ನೇ ಹಾಕುವ ರೂಢಿ ಇರುವುದರಿಂದ ತರಕಾರಿ ಎಂದು ಕಂಡದ್ದೆಲ್ಲ ಸಸ್ಯಾಹಾರವಲ್ಲ. ಬಾಳೆಹಣ್ಣು, ಬ್ರೆಡ್ಡು, ಕಿತ್ತಳೆ ಚೀಲದಲ್ಲಿರಲಿ. ಮನೆಯಿಂದ ತಂದ ಚಟ್ನಿಪುಡಿ ಬಿಸಿ ಅನ್ನಕ್ಕೆ ಸಾಕು.

ಎರಡನೇ ದಿನದ ಕಷ್ಟವೆಲ್ಲ ಓಶಿಮಾ ದ್ವೀಪದಲ್ಲಿದೆ. ಅಲ್ಲಿ ರಸ್ತೆ ಕಡಲಂಚು ಬಿಟ್ಟು ಒಳನಾಡಿನ ದಿಣ್ಣೆಗಳನ್ನು ಹತ್ತುತ್ತದೆ. ಅದಕ್ಕೆ ಸ್ವಲ್ಪ ಶಕ್ತಿ ಉಳಿಸಿಕೊಳ್ಳಿ. ಅದು ಮುಗಿದರೆ ಒಂದರ ಹಿಂದೆ ಒಂದು ಜೋಡಿಸಿದ ಮೂರು ತೂಗುಸೇತುವೆಗಳ ಕುರುಶಿಮಾ, ಒಟ್ಟು ನಾಲ್ಕು ಕಿಲೋಮೀಟರ್. ಇಲ್ಲಿ ಅಡ್ಡಗಾಳಿ ಬೀಸುತ್ತದೆ, ಹ್ಯಾಂಡಲ್ ಗಟ್ಟಿ ಹಿಡಿಯಿರಿ. ನಡುವೆ ನಿಂತು ಕೆಳಗೆ ನೋಡಿ. ಅಲೆಯಿಲ್ಲದ ಕಡಲು ಎಂದೆನಲ್ಲ, ಅದೇ ಕಡಲು ಈ ಇಕ್ಕಟ್ಟಿನಲ್ಲಿ ಉಬ್ಬರವಿಳಿತದ ಹೊತ್ತಿಗೆ ತುಂಬಿದ ಹೊಳೆಯಂತೆ ಸುಳಿಸುತ್ತಿ ಹರಿಯುತ್ತಿರುತ್ತದೆ. ಈ ಸುಳಿಗಳ ಗುಟ್ಟು ತಿಳಿದಿದ್ದ ಮುರಾಕಾಮಿ ಮನೆತನದವರು ಒಂದು ಕಾಲಕ್ಕೆ ಇಲ್ಲಿ ಹಾದುಹೋಗುವ ಹಡಗುಗಳಿಂದ ಸುಂಕ ವಸೂಲಿ ಮಾಡುತ್ತಿದ್ದರು.

ಸೇತುವೆ ಇಳಿದರೆ ಇಮಾಬಾರಿ. ಬಾಡಿಗೆ ಸೈಕಲ್ ಮರಳಿಸುವ ಕಟ್ಟೆ ಸಂಜೆಗೇ ಮುಚ್ಚುತ್ತದೆ. ಆ ಹೊತ್ತನ್ನು ಒನೊಮಿಚಿಯಲ್ಲೇ ಕೇಳಿ ಬರೆದಿಟ್ಟುಕೊಂಡು ಹೊರಡಿ.