ಮನಸ್ಸಿನ ಮಾತ್ರೆ ಮತ್ತು ಮೈತೂಕ

ಖಿನ್ನತೆಗೆ ಮಾತ್ರೆ ಸೇವಿಸುತ್ತಿದ್ದೀರಾ? ಊಟ ಕಡಿಮೆ ಮಾಡಿದರೂ ತೂಕ ಇಳಿಯುತ್ತಿಲ್ಲವೇ? ಇದಕ್ಕೆ ನಿಮ್ಮ ಸೋಮಾರಿತನವೇ ಕಾರಣವಾಗಿರಬೇಕಿಲ್ಲ. ಮಿರ್ಟಜಪಿನ್, ಅಮಿಟ್ರಿಪ್ಟಿಲಿನ್, ಪ್ಯಾರೊಕ್ಸೆಟಿನ್‌ನಂತಹ ಔಷಧಿಗಳು ಹಲವರಲ್ಲಿ ತೂಕ ಹೆಚ್ಚಿಸುತ್ತವೆ. ಫ್ಲುಯೊಕ್ಸೆಟಿನ್‌ನಲ್ಲಿ ಇದು ಕಡಿಮೆ. ಖಿನ್ನತೆ ತಗ್ಗಿ ಹಸಿವು ಮರಳಿದಾಗಲೂ ತೂಕ ಏರಬಹುದು.

ಹಾಗೆಂದು ಮಾತ್ರೆಯನ್ನು ಥಟ್ಟನೆ ನಿಲ್ಲಿಸಬೇಡಿ. ತಲೆಸುತ್ತು, ನಿದ್ರಾಹೀನತೆ ಕಾಡಬಹುದು, ಖಿನ್ನತೆ ಮರುಕಳಿಸಬಹುದು. ತಿಂಗಳಿಗೊಮ್ಮೆ ತೂಕ ಬರೆದಿಟ್ಟು ವೈದ್ಯರಿಗೆ ತೋರಿಸಿ. ಮಾತ್ರೆ ಬದಲಿಸಬೇಕೇ ಎಂಬುದನ್ನು ಅವರೇ ನಿರ್ಧರಿಸಲಿ.

ಚಹಾದ ಸಕ್ಕರೆ, ಸಂಜೆಯ ಮಿರ್ಚಿ ಕಡಿಮೆ ಮಾಡಿ. ಸಂಗನಕಲ್ಲಿನವರು ಫಜ್ರ್ ನಮಾಝ್ ಬಳಿಕ ಗುಡ್ಡದ ಕಡೆಗೆ ಅರ್ಧ ತಾಸು ನಡೆಯಬಹುದು. ಮನೆಯವರು ಮೈತೂಕದ ಬಗ್ಗೆ ಹಂಗಿಸದಿರಲಿ. ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಮನಸ್ಸು ಕುಸಿದಾಗ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿರಿ.