ಹೊಸ ಮನೆಗೆ ಹಳೆಯ ಗುರುತು



2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ ಉಕ್ಕಿ ಹರಿದದ್ದನ್ನು ಗೋಕಾಕ, ಮೂಡಲಗಿ ಭಾಗದವರು ಮರೆಯಲಾರರು. ಲೋಳಸೂರ ಸೇತುವೆ ಮುಳುಗಿತು. ನದಿದಂಡೆಯ ಊರುಗಳಲ್ಲಿ ಮಣ್ಣಿನ ಗೋಡೆಯ, ಮೇಲ್ಮುದ್ದೆಯ ಮನೆಗಳು ನೀರು ಕುಡಿದು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಆ ನೆರೆಯ ನಂತರ ದಂಡೆ ಬಿಟ್ಟು, ಕಲ್ಲೋಳಿಯಲ್ಲಿದ್ದ ತಮ್ಮ ತುಂಡು ಜಾಗದಲ್ಲಿ ಮನೆ ಕಟ್ಟಿಕೊಂಡ ಕುಟುಂಬವೊಂದು ಆಶೀರ್ವಾದಕ್ಕೆ ನನ್ನನ್ನು ಕರೆದಿತ್ತು.

ಎರಡು ಕೋಣೆ, ಒಂದು ಅಡಿಗೆಮನೆ, ಸಿಮೆಂಟಿನ ಬೋಳು ಗೋಡೆ. ತೀರ್ಥ ಚಿಮುಕಿಸಿ ಪ್ರಾರ್ಥನೆ ಮುಗಿಸಿದೆ. ಮನೆಯ ಅಜ್ಜಿ ಮೆಲ್ಲನೆ ಹೇಳಿದರು: "ಫಾದರ, ಮನಿ ಛಲೋ ಐತ್ರಿ. ಆದ್ರ ರಾತ್ರಿ ಎಚ್ಚರ ಆದ್ರ, ಯಾರ ಮನ್ಯಾಗ ಮಲಗೇನಿ ಅನ್ನೋದ ತಿಳಿವಲ್ದು."

ಮನೆ ಚಿಕ್ಕದೆಂಬ ಕೊರಗು ಅವರದಾಗಿರಲಿಲ್ಲ. 2009ರಲ್ಲಿ ನಜರೇತಿನಲ್ಲಿ ಯೇಸುಸ್ವಾಮಿಯ ಕಾಲದ ಒಂದು ಮನೆಯ ಅವಶೇಷ ಸಿಕ್ಕಿತು. ಅದೂ ಎರಡು ಕೋಣೆ, ಒಂದು ಅಂಗಳ, ಮಳೆನೀರಿನ ಒಂದು ತೊಟ್ಟಿ ಅಷ್ಟೇ. ಅಜ್ಜಿಯ ಹೊಸ ಮನೆಯಲ್ಲಿ ಮನೆಯವರ ಕೈಯ ಗುರುತು ಎಲ್ಲಿಯೂ ಇರಲಿಲ್ಲ. ಗುರುತು ಮೂಡಿಸುವುದಕ್ಕೆ ಪೇಟೆಯ ಪ್ಲಾಸ್ಟಿಕ್ ಹೂವು ಬೇಕೇ? (ನನ್ನ ಕೋಣೆಯ ಗೋಡೆಯ ಮೇಲೂ ಒಂದು ಕ್ಯಾಲೆಂಡರ್ ಬಿಟ್ಟರೆ ಏನೂ ಇಲ್ಲ, ಉಪದೇಶ ಸುಲಭ.)

ಮೊದಲು ಗೋಡೆ. ಹೊಸ ಗಿಲಾವು ಚೆನ್ನಾಗಿ ಗಟ್ಟಿಯಾದ ಮೇಲೆ ಸುಣ್ಣ ಬಳಿಯಬಹುದು. ಸುಟ್ಟ ಸುಣ್ಣದ ಹರಳನ್ನು ನೀರಿಗೆ ಹಾಕಿದರೆ ಅದು ಕುದಿಯುತ್ತದೆ, ಸಿಡಿಯುತ್ತದೆ; ಮಕ್ಕಳನ್ನು ದೂರವಿಡಿ, ಕಣ್ಣು ಜೋಪಾನ. ಪೂರ್ತಿ ತಣಿದ ಮೇಲೆ ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಬೆರೆಸಿ, ಗೋಡೆಯನ್ನು ಒದ್ದೆ ಮಾಡಿಕೊಂಡು ತೆಳುವಾಗಿ ಎರಡು ಮೂರು ಸಲ ಬಳಿಯಿರಿ. ಒಂದೇ ಸಲ ದಪ್ಪಗೆ ಬಳಿದರೆ ಹಪ್ಪಳದಂತೆ ಏಳುತ್ತದೆ. ಆಯಿಲ್ ಪೇಂಟ್ ಇದ್ದ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ. ಕೆಳಗೆ ಒಂದು ಮೊಳ ಎತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದರೆ ನಮ್ಮ ಹಳೆಯ ಮನೆಗಳ ನೆನಪಾಗುತ್ತದೆ.

ಹಳೆಯ ಮನೆಯಲ್ಲಿ ದೀಪಕ್ಕೆ ಗೋಡೆಯೊಳಗೇ ಮಾಡ ಇರುತ್ತಿತ್ತು. ಹೊಸ ಮನೆಯ ನಾಲ್ಕೂವರೆ ಇಂಚಿನ ಗೋಡೆಯನ್ನು ಮಾತ್ರ ಅದಕ್ಕಾಗಿ ಕೊರೆಯಬೇಡಿ, ಗೋಡೆ ಸಡಿಲವಾಗುತ್ತದೆ. ಅದರ ಬದಲು ಬಿದ್ದ ಮನೆಯ ಜಂತಿಯೊಂದನ್ನು ಹಲಗೆಯಾಗಿ ಕೊಯ್ಯಿಸಿ, ಗೆದ್ದಲು ಇಲ್ಲವೆಂದು ನೋಡಿ, ಗೋಡೆಗೆ ಕೂಡಿಸಿ. ಈ ಮನೆಯವರು ಹಾಗೆ ಮಾಡಿ ಪವಿತ್ರ ಹೃದಯದ ಪಟವನ್ನು ಅದರ ಮೇಲಿಟ್ಟರು. ಹಲಗೆಯ ತುದಿಯಲ್ಲಿ ಹಳೆಯ ಮೊಳೆಯ ತೂತು ಈಗಲೂ ಕಾಣುತ್ತದೆ. ಬಡಗಿ ಅದನ್ನು ಮುಚ್ಚಲು ಹೋದಾಗ ಅಜ್ಜಿ ಬೇಡವೆಂದರಂತೆ.

ಇನ್ನು ಕೌದಿ. ನೆರೆಯಲ್ಲಿ ಉಳಿದಿದ್ದ ಒಂದು ಟ್ರಂಕಿನಲ್ಲಿ ಅಜ್ಜನ ಎರಡು ಧೋತರ, ಅಜ್ಜಿಯ ಇಳಕಲ್ ಸೀರೆ, ಮೊಮ್ಮಕ್ಕಳ ಅಂಗಿಗಳಿದ್ದವು. ನೀವೂ ಹೊಲಿಯುವುದಾದರೆ ಬಟ್ಟೆಗಳನ್ನು ಮೊದಲೇ ಒಗೆದು ಒಣಗಿಸಿ. ಬಣ್ಣ ಬಿಡುವುದು ಆಗಲೇ ಬಿಟ್ಟುಬಿಡಲಿ. ನೂಲಿನ ಬಟ್ಟೆಯೇ ಇರಲಿ, ಪಾಲಿಯೆಸ್ಟರ್ ಜಾರುತ್ತದೆ, ಬೆವರು ಹೀರುವುದಿಲ್ಲ. ಅಡಿಗೆ ಒಂದು ಸೀರೆ ಹಾಸಿ, ನಡುವೆ ಧೋತರದ ಪದರ, ಮೇಲೆ ತುಂಡುಗಳು. ಜರುಗದಂತೆ ಉದ್ದುದ್ದ ಹೊಲಿಗೆ ಹಾಕಿಕೊಂಡು, ಆಮೇಲೆ ಅಂಚಿನಿಂದ ಸುತ್ತುತ್ತ ನಡುವಿಗೆ ಬನ್ನಿ. ಒಬ್ಬರೇ ಕೂತರೆ ಬೇಸರ. ನಾಲ್ಕು ಜನ ಕೂಡಿದರೆ ಕೆಲಸವೂ ಮಾತೂ ಸಾಗುತ್ತದೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರ ಕೌದಿಗಳು ಇಂದು ಹೊರದೇಶಗಳಲ್ಲೂ ಹೆಸರಾಗಿವೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ನಮ್ಮ ಕಥೋಲಿಕರು ಎಲ್ಲರೂ ಇದ್ದಾರೆ. ಕಥೋಲಿಕ ಸಿದ್ದಿಯರ ಕೌದಿಗಳಲ್ಲಿ ಶಿಲುಬೆಯ ತುಂಡು ಕಾಣಸಿಗುತ್ತದೆ. ನಾಲ್ಕು ಮೂಲೆಗೂ ಮುಕ್ಕೋನವಾಗಿ ಮಡಿಚಿದ ಬಟ್ಟೆಯ 'ಫೂಲ' ಕೂಡಿಸಬೇಕು. ಅದಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಮಾತು.

ಇದನ್ನು ಅಜ್ಜಿಗೆ ಹೇಳಿದ್ದೆ. ಮುಂದಿನ ಸಲ ಹೋದಾಗ ಕೌದಿ ಅವರ ಮಂಚದ ಮೇಲಿತ್ತು, ನಟ್ಟನಡುವೆ ಅಜ್ಜನ ಧೋತರದ ಅಂಚು. ಮೂರು ಮೂಲೆಗೆ ಹೂ ಬಂದಿತ್ತು. "ನಾಲ್ಕನೇದಕ್ಕ ನಿಮ್ಮದೊಂದು ಹಳೇ ನಿಲುವಂಗಿ ಇದ್ರ ಕೊಡ್ರಿ ಫಾದರ" ಎಂದರು. ಮುಂದಿನ ಭಾನುವಾರ ಒಂದು ತೋಳು ಕತ್ತರಿಸಿ ಒಯ್ದೆ.